ತೊಗರಿ ಕಟ್ಟಿಗೆಯ ಪೆಲೆಟ್‌ಗೆ ಅಂಟು ಬೇಕಾ?

ನಮಸ್ಕಾರ ಅಣ್ಣಾರೆ. ಸೇಡಂನಲ್ಲಿ ತೊಗರಿ ಕಟ್ಟಿಗೆಯನ್ನು ಪುಡಿಮಾಡಿ ಪೆಲೆಟ್ (ಒತ್ತಿ ಮಾಡಿದ ಉರುವಲಿನ ಸಣ್ಣ ತುಂಡು) ಮಾಡುತ್ತಿದ್ದೀರಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದೆ, ಯಾವ ಅಂಟು ಹಾಕಲಿ ಅಂತ ಕೇಳಿದ್ದೀರಿ. ಅಂಟು ಬೇಡ. ಮೊದಲು ತೇವ ನೋಡಿ.

ಕಟ್ಟಿಗೆಯಲ್ಲೇ ಲಿಗ್ನಿನ್ ಅನ್ನೋ ಅಂಶ ಇದೆ. ಯಂತ್ರದ ರೋಲರ್ ಪುಡಿಯನ್ನು ಡೈ (ತೂತುಗಳಿರುವ ಲೋಹದ ಅಚ್ಚು) ತೂತಿಗೆ ಒತ್ತಿದಾಗ ತಿಕ್ಕಾಟದಿಂದ ಬಿಸಿಯಾಗಿ ಆ ಲಿಗ್ನಿನ್ ಮೆತ್ತಗಾಗುತ್ತದೆ, ಆರಿದ ಮೇಲೆ ಬಿಗಿಯಾಗುತ್ತದೆ. ಅದೇ ಅಂಟು. ಇದಕ್ಕೆ ಪುಡಿಯಲ್ಲಿ ಶೇ. 10ರಿಂದ 15ರಷ್ಟು ತೇವ ಇರಬೇಕು. ಜಾಸ್ತಿಯಾದರೆ ಪೆಲೆಟ್ ಉಬ್ಬಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಕೂಡುವುದೇ ಇಲ್ಲ. ನಮ್ಮ ಕಲಬುರಗಿ ಬಿಸಿಲಿಗೆ ಬಿದ್ದ ಕಟ್ಟಿಗೆ ಸಾಮಾನ್ಯವಾಗಿ ತೀರಾ ಒಣಗಿರುತ್ತದೆ. 100 ಗ್ರಾಂ ಪುಡಿ ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. 88 ಗ್ರಾಂ ಉಳಿದರೆ ತೇವ ಶೇ. 12, ಸರಿಯಾಗಿದೆ. ಕಡಿಮೆ ಇದ್ದರೆ ನೀರು ಚಿಮುಕಿಸಿ, ಚೆನ್ನಾಗಿ ಕಲಸಿ, ರಾತ್ರಿಯಿಡೀ ತಾಡಪಾಲು ಮುಚ್ಚಿಡಿ.

ಇನ್ನೊಂದು ಮಾತು, ಬೇರು ಕತ್ತರಿಸಿ ತೆಗೆಯಿರಿ. ಬೇರಿಗೆ ಅಂಟಿದ ಎರೆಮಣ್ಣು ಒಳಗೆ ಹೋದರೆ ಡೈ ಸವೆಯುತ್ತದೆ, ಬೂದಿಯೂ ಹೆಚ್ಚುತ್ತದೆ. ಬಿಸಿ ಪೆಲೆಟ್ಟನ್ನು ಹಾಗೇ ಚೀಲಕ್ಕೆ ತುಂಬಬೇಡಿ, ಪೂರ್ತಿ ಆರಲಿ.

ಯುರೋಪಿಗೆ ಮನೆ ಬೆಚ್ಚಗಿಡುವ ಒಲೆಗಳಿಗೆ ಮಾರುವ ಯೋಚನೆ ಸದ್ಯಕ್ಕೆ ಬಿಡಿ. ಅಲ್ಲಿನ ಮೊದಲ ದರ್ಜೆಯ ಮರದ ಪೆಲೆಟ್‌ನಲ್ಲಿ ಬೂದಿ ಶೇ. 0.7 ದಾಟುವಂತಿಲ್ಲ. ತೊಗರಿ ಕಟ್ಟಿಗೆಗೆ ಅದು ಕಷ್ಟ. ಹತ್ತಿರದ ಬಾಯ್ಲರ್‌ಗಳೇ ನಿಮಗೆ ಸರಿ. ತೇವ ಸರಿಮಾಡಿದರೂ ಪುಡಿಯಾದರೆ ಡೈ ತೂತಿನ ಅಗಲ, ಉದ್ದ ಎರಡೂ ಅಳೆದು ಇಲ್ಲೇ ಬರೆಯಿರಿ, ನೋಡೋಣ.