ಬಣ್ಣದ ಪೆಟ್ಟಿಗೆ: ಕರಿ ಬಟ್ಟೆಯ ಮಕ್ಕಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಬಯಲಾಟದ ರಾಕ್ಷಸ ಪಾತ್ರದ ಮೇಕಪ್ ಬಗ್ಗೆ ಬರೆಯುವಾಗ, ಮೈತುಂಬ ಕರಿ ಬಟ್ಟೆ ತೊಡುವ ಗಾಥ್ ಶೈಲಿಯ ಹುಡುಗಿಯರೂ ಕಣ್ಣಿಗೆ ಹೀಗೇ ಕಪ್ಪು ತೀಡುತ್ತಾರೆ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ರಾಶಿ ಪತ್ರ ಬಂದಿವೆ. ಸೀರೆ, ತಲೆಗೂದಲಿನ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಈ ಸಲ ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳು ಬಳ್ಳಾರಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಈಗೀಗ ಮೈತುಂಬ ಕರಿ ಬಟ್ಟೆ, ಕರಿ ಲಿಪ್‌ಸ್ಟಿಕ್, ಕರಿ ಉಗುರು, ಕೊರಳಲ್ಲಿ ಬಾವಲಿ ಪದಕ. ಕೇಳಿದರೆ 'ಗಾಥ್' ಅಂತಾಳೆ. ಹಬ್ಬಕ್ಕೆ ಬಂದಾಗ ಓಣಿಯವರು 'ಮನೇಲಿ ಯಾರಾದ್ರೂ ತೀರಿಕೊಂಡ್ರಾ' ಅಂತ ಕೇಳಿದರು. ನಾದಿನಿ ಇದು ದೆವ್ವ ಪೂಜಿಸೋರ ವೇಷ ಅಂದಳು. ನನಗೆ ರಾತ್ರಿ ನಿದ್ದೆ ಬರ್ತಿಲ್ಲ.
— ಒಬ್ಬ ತಾಯಿ, ಗಂಗಾವತಿ

ಉತ್ತರ: ಅಕ್ಕಾ, ಮಗಳು ಹೊಟ್ಟೆತುಂಬ ಉಣ್ಣುತ್ತಾಳಾ? ಕಾಲೇಜಿಗೆ ಹೋಗುತ್ತಾಳಾ? ಗೆಳತಿಯರ ಜೊತೆ ನಗುತ್ತಾಳಾ? ಎಲ್ಲಕ್ಕೂ ಹೌದು ಅಂತಾದರೆ ನೀವು ಇವತ್ತು ನೆಮ್ಮದಿಯಾಗಿ ಮಲಗಿ.

ದೆವ್ವದ ಪೂಜೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಹುಟ್ಟಿದ್ದು ಹಾಡಿನಿಂದ. 1970ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಂಕ್ ಸಂಗೀತದ ಅಬ್ಬರ ಇಳಿಯುತ್ತಿತ್ತು. ಆಗ ಕೆಲವು ತಂಡಗಳು ಮಂದ್ರದಲ್ಲಿ ಗುಂಯ್‌ಗುಡುವ, ಸಾವು ಮತ್ತು ಒಂಟಿತನದ ಬಗ್ಗೆ ಮುಚ್ಚುಮರೆ ಇಲ್ಲದೆ ಹಾಡುವ ಹಾಡು ಕಟ್ಟಿದವು. 1979ರಲ್ಲಿ ಬೌಹೌಸ್ ಅನ್ನುವ ತಂಡ ಒಂಬತ್ತು ನಿಮಿಷ ದಾಟುವ ಒಂದು ಹಾಡು ತಂದಿತು. ಗಾಥ್ ಅಲ್ಲಿಂದ ಶುರು ಅಂತ ಬಹಳ ಜನ ಹೇಳುತ್ತಾರೆ. 1982ರಲ್ಲಿ ಲಂಡನ್ನಿನ ಸೋಹೊದಲ್ಲಿ ಬ್ಯಾಟ್‌ಕೇವ್, ಅಂದರೆ ಬಾವಲಿ ಗವಿ, ಅಂತ ಒಂದು ಕ್ಲಬ್ ತೆರೆಯಿತು. ಈ ಹಾಡು ಕೇಳುವವರೆಲ್ಲ ಅಲ್ಲಿ ಸೇರತೊಡಗಿದರು. ನಿಮ್ಮ ಮಗಳ ಕೊರಳಿನ ಬಾವಲಿಯ ನಂಟು ಇಂಥ ಕಡೆ ಇದೆ, ಮಾಟದ ಮನೆಯಲ್ಲಿ ಇಲ್ಲ.

ಬಟ್ಟೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡನನ್ನು ಕಳೆದುಕೊಂಡಳು. 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಆ ಕಾಲದ ಲೇಸು, ಎತ್ತರದ ಕಾಲರು, ಕರಿ ಕಲ್ಲಿನ ಒಡವೆ ಇವನ್ನೇ ಗಾಥ್ ಮಕ್ಕಳು ಈಗ ಪ್ರೀತಿಯಿಂದ ತೊಡುತ್ತಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1992ರಿಂದ ದೊಡ್ಡ ಗಾಥ್ ಮೇಳ ನಡೆಯುತ್ತದೆ. ಸುಮಾರು ಇಪ್ಪತ್ತು ಸಾವಿರ ಜನ ಸೇರುತ್ತಾರೆ. ಪಾರ್ಕಿನ ಹುಲ್ಲಿನ ಮೇಲೆ ಚಾದರ ಹಾಸಿ, ಕೈಯಲ್ಲಿ ಕೊಡೆ, ತಲೆ ಮೇಲೆ ಟೋಪಿ, ಮಕ್ಕಳುಮರಿ ಸಮೇತ ಕೂತು ತಿಂಡಿ ತಿನ್ನುತ್ತಾರೆ.

ಇನ್ನು ಓಣಿಯವರ ಮಾತು. ಕಪ್ಪು ಅಪಶಕುನ ಅನ್ನುವ ನಮ್ಮ ಜನವೇ ಕೂಸಿನ ಕೆನ್ನೆಗೆ ಕರಿ ಬೊಟ್ಟು ಇಡುತ್ತಾರೆ. ತಾಳಿಯಲ್ಲಿ ಕರಿಮಣಿ ಪೋಣಿಸುತ್ತಾರೆ. ಕಾರ್ತೀಕ ಬಂದರೆ ಬಳ್ಳಾರಿಯ ಯಾವ ಸರ್ಕಲ್ಲಿನಲ್ಲಿ ನಿಂತರೂ ಕರಿ ಲುಂಗಿ, ಕರಿ ಅಂಗಿಯ ಅಯ್ಯಪ್ಪ ಮಾಲಾಧಾರಿಗಳು ಕಾಣುತ್ತಾರೆ. ಅವರನ್ನು 'ಸ್ವಾಮಿ' ಅಂತ ಕೈಮುಗಿದು ಮಾತಾಡಿಸುತ್ತೇವೆ. ಮೈಲಾರದ ಗೊರವಯ್ಯ ಹೊದ್ದದ್ದು ಕರಿ ಕಂಬಳಿ. ಅದೇ ಕಂಬಳಿ ಹಾಸಿ ಗದ್ದುಗೆ ಮಾಡುತ್ತೇವೆ. ನಮ್ಮ ನೆಲಕ್ಕೆ ಕಪ್ಪು ಹೊಸದಲ್ಲ. ಒಂದು ಹರೆಯದ ಹುಡುಗಿ ತನ್ನ ಇಷ್ಟಕ್ಕೆ ಅದನ್ನು ತೊಟ್ಟಳು ಅನ್ನುವುದಷ್ಟೇ ಇಲ್ಲಿ ಹೊಸದು. ಜನಕ್ಕೆ ಕಣ್ಣು ಚುಚ್ಚುವುದೂ ಅದೇ ಅಂತ ನನಗೆ ಅನಿಸುತ್ತದೆ.

ಮಗಳು ಮುಂದಿನ ಸಲ ಬಂದಾಗ ಪಕ್ಕ ಕೂತು 'ನಿನಗೆ ಇಷ್ಟವಾದ ಹಾಡು ಒಂದು ಹಾಕು' ಅನ್ನಿ. ಪೂರ್ತಿ ಕೇಳಿ. ಓಣಿಯವರು ಮತ್ತೆ ಕೇಳಿದರೆ 'ಅವಳಿಗೆ ಕಪ್ಪು ಚೆನ್ನಾಗಿ ಒಪ್ಪುತ್ತೆ ಅಲ್ವಾ' ಅಂತ ಅವಳ ಎದುರಿಗೇ ಹೇಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನೀವು ಈ ವಿದೇಶಿ ಹುಚ್ಚಿಗೆ ಪತ್ರಿಕೆಯಲ್ಲಿ ಜಾಗ ಕೊಟ್ಟದ್ದು ತಪ್ಪು. ಅಮೆರಿಕದ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರು ಇಂಥವರೇ ಎಂದು ಆಗ ಪತ್ರಿಕೆಯಲ್ಲಿ ಓದಿದ್ದೆ. ಇಂಥ ವೇಷ ಹಿಂಸೆ ಕಲಿಸುವುದಿಲ್ಲವೇ?
— ಸಿರುಗುಪ್ಪ

ಉತ್ತರ: ಗುರುಗಳೇ, ನೀವು ಹೇಳುವುದು 1999ರ ಕೊಲಂಬೈನ್ ಶಾಲೆಯ ವಿಷಯ. ಆಗ ಅಲ್ಲಿನ ಟಿವಿ, ಪತ್ರಿಕೆಗಳು ಹಾಗೇ ಬರೆದವು. ಆ ಇಬ್ಬರು ಹುಡುಗರು ಗಾಥ್ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕರಿ ಕೋಟು ತೊಟ್ಟ ಎಷ್ಟೋ ಮಕ್ಕಳು ತಮ್ಮ ಶಾಲೆಗಳಲ್ಲಿ ಬೈಸಿಕೊಂಡಾಗಿತ್ತು.

ಹಿಂಸೆಯ ಮಾತು ತೆಗೆದಿದ್ದೀರಿ. ಹಾಗಾದರೆ ಸೋಫಿ ಲಂಕಾಸ್ಟರ್ ಹೆಸರನ್ನೂ ನೀವು ಕೇಳಬೇಕು. ಇಂಗ್ಲೆಂಡಿನ ಲಂಕಾಶೈರ್‌ನ ಬೇಕಪ್ ಅನ್ನುವ ಊರು, 2007ರ ಆಗಸ್ಟ್. ಸೋಫಿಗೆ ಇಪ್ಪತ್ತು ವರ್ಷ. ಗಾಥ್ ಶೈಲಿಯ ಹುಡುಗಿ. ರಾತ್ರಿ ಗೆಳೆಯನ ಜೊತೆ ಪಾರ್ಕಿನಲ್ಲಿದ್ದಾಗ ಹದಿಹರೆಯದ ಹುಡುಗರ ಗುಂಪು ಅವನ ಮೇಲೆ ಬಿದ್ದಿತು. ಇವಳು ಅವನ ತಲೆಯನ್ನು ತೊಡೆ ಮೇಲಿಟ್ಟು ಕಾಪಾಡಲು ನೋಡಿದಳು. ಇವಳನ್ನೂ ತುಳಿದರು. ಅವನು ಬದುಕಿದ. ಇವಳು ಕಣ್ಣು ತೆರೆಯಲೇ ಇಲ್ಲ, ಆಗಸ್ಟ್ 24ರಂದು ತೀರಿಹೋದಳು. ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ನೋಡಲು ಬೇರೆ ಥರ ಇದ್ದರು ಅನ್ನುವುದು ಬಿಟ್ಟರೆ ಅವರಿಬ್ಬರ ಮೇಲೆ ಕೈಮಾಡಲು ಬೇರೆ ಕಾರಣವೇ ಇರಲಿಲ್ಲ. ಸೋಫಿಯ ತಾಯಿ ಮಗಳ ಹೆಸರಲ್ಲಿ ಸಂಸ್ಥೆ ಕಟ್ಟಿ ಶಾಲೆ ಶಾಲೆಗೆ ಹೋಗಿ ಮಾತಾಡಿದರು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಹಲ್ಲೆಗಳನ್ನು ದ್ವೇಷಾಪರಾಧ ಅಂತ ದಾಖಲಿಸಲು ಶುರುಮಾಡಿದರು.

ನೀವು ಎಷ್ಟೋ ವರ್ಷ ಮಕ್ಕಳ ಮುಂದೆ ನಿಂತವರು. ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ. 'ಇವರು ಹಿಂಸೆಯವರು' ಅಂತ ನೀವು ಅಂದರೆ ಅದನ್ನು ಕೇಳಿಸಿಕೊಂಡ ಹುಡುಗನೊಬ್ಬ ನಾಳೆ ಒಂದು ಹುಡುಗಿಗೆ ಕಲ್ಲು ಬೀರಬಹುದು. ದಯವಿಟ್ಟು ಹಾಗೆ ಅನ್ನಬೇಡಿ.

ಪ್ರಶ್ನೆ: ಮೇಡಂ, ನನಗೆ ಗಾಥ್ ಮೇಕಪ್ ಬಹಳ ಇಷ್ಟ. ಆದರೆ ನಮ್ಮ ರಾಯಚೂರಿನ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಎಲ್ಲ ಇಳಿದುಹೋಗುತ್ತದೆ. ಮುಖ ಬೆಳ್ಳಗೆ ಮಾಡಿಕೊಂಡರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಏನು ಮಾಡಲಿ?
— ಡಿಗ್ರಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಬಿಳಿ ಬಣ್ಣ ಬಿಟ್ಟುಬಿಡು ತಂಗಿ. ಮುಖ ಬೆಳ್ಳಗಿದ್ದರೇ ಗಾಥ್ ಅಂತ ಯಾವ ಕಟ್ಟಳೆಯೂ ಇಲ್ಲ. ಕಪ್ಪು ಚರ್ಮದ ಗಾಥ್‌ಗಳು ಜಗತ್ತಿನ ತುಂಬ ಇದ್ದಾರೆ, ತಮ್ಮ ಬಣ್ಣದಲ್ಲೇ ಮೆರೆಯುತ್ತಾರೆ. ನಮ್ಮ ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣದ ಮೇಲೆ ನೇರಳೆಹಣ್ಣಿನ ಬಣ್ಣದ ತುಟಿ ಎಷ್ಟು ಗಾಢವಾಗಿ ಕೂರುತ್ತದೆ ನೋಡು. ಬೆಳ್ಳಗಿನ ಮುಖಕ್ಕೆ ಆ ಆಳ ಬರುವುದಿಲ್ಲ.

ಬೆವರಿನ ವಿಷಯ. ನಾಟಕದಲ್ಲಿ ಲೈಟಿನ ಕೆಳಗೆ ಬೆಳಗಿನ ಜಾವದವರೆಗೆ ಬಣ್ಣ ನಿಲ್ಲಿಸಬೇಕು, ಆ ಕೆಲಸ ನನಗೆ ಗೊತ್ತು. ಮೊದಲು ತಣ್ಣೀರಲ್ಲಿ ಮುಖ ತೊಳೆದು, ಒದ್ದೆ ಹತ್ತಿಬಟ್ಟೆಯನ್ನು ಸ್ವಲ್ಪ ಹೊತ್ತು ಮುಖದ ಮೇಲೆ ಇಟ್ಟುಕೋ. ಒರೆಸಿ ಪೂರ್ತಿ ಒಣಗಲು ಬಿಡು. ಕಾಡಿಗೆಯನ್ನು ತೆಳ್ಳಗೆ ಎಳೆ. ಅದರ ಮೇಲೇ ಕರಿ ಐಶಾಡೋ ಪುಡಿಯನ್ನು ಸಣ್ಣ ಕುಂಚದಿಂದ ಒತ್ತು. ಒತ್ತಬೇಕು, ತಿಕ್ಕಬಾರದು. ತಿಕ್ಕಿದರೆ ಕೆಳಗಿನ ಜಿಡ್ಡು ಮೇಲೆ ಬಂದು ಮಧ್ಯಾಹ್ನದೊಳಗೆ ಕೆನ್ನೆಗೆ ಇಳಿಯುತ್ತದೆ. ಪುಡಿ ಜಿಡ್ಡನ್ನು ಹೀರಿಕೊಂಡ ಮೇಲೆ ಇನ್ನೊಂದು ತೆಳು ಎಳೆ. ಕೆಳರೆಪ್ಪೆಯ ಒಳಗೆ ಹಚ್ಚಬೇಡ, ಮೊದಲು ಕರಗುವುದು ಅದೇ. ಬೆವರು ಬಂದಾಗ ಕರವಸ್ತ್ರ ಮೆಲ್ಲಗೆ ಒತ್ತಿ ತೆಗೆ.

ಒಂದು ಎಚ್ಚರಿಕೆ. ಜಾತ್ರೆಯಲ್ಲಿ, ಸಂತೆಯಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವ ಸುರ್ಮಾ ಕೊಳ್ಳಬೇಡ. ಅಂಥದ್ದರಲ್ಲಿ ಸೀಸ ಇರುವುದುಂಟು. ಸೀಸ ವಿಷ.

ಬಟ್ಟೆಗೆ ಬಂದರೆ, ಮೈಗಂಟುವ ಸಿಂಥೆಟಿಕ್ ಬೇಡ. ತೆಳು ಹತ್ತಿಯ ಸಡಿಲ ಕುರ್ತಾ, ಅಗಲ ತೋಳು. ಮರಳುಗಾಡಿನ ಬೆಡೂಯಿನ್ ಜನ ಸಡಿಲವಾದ ಕರಿ ನಿಲುವಂಗಿ ತೊಡುತ್ತಾರೆ. ಆ ಬಟ್ಟೆ ಬಿಸಿಲು ಜಾಸ್ತಿ ಹೀರಿದರೂ ಒಳಗೆ ಗಾಳಿ ಆಡುವುದರಿಂದ ಚರ್ಮಕ್ಕೆ ತಲುಪುವ ಬಿಸಿ ಬಿಳಿ ನಿಲುವಂಗಿಯಷ್ಟೇ ಇರುತ್ತದೆ ಅಂತ 1980ರಲ್ಲೇ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಕರಿ ಜೀನ್ಸ್ ಬೇಕಿದ್ದರೆ ಆನ್‌ಲೈನಿನಲ್ಲಿ ದುಡ್ಡು ಸುರಿಯಬೇಡ. ನಮ್ಮ ಬಳ್ಳಾರಿಯಲ್ಲಿ ಓಣಿ ಓಣಿಗೆ ಜೀನ್ಸ್ ಹೊಲಿಯುತ್ತಾರೆ. ಒಗೆಯುವಾಗ ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿದರೆ ಕಪ್ಪು ಬಹಳ ದಿನ ಇರುತ್ತದೆ.

ಪ್ರಶ್ನೆ: ಗಂಡು ಹುಡುಗರು ಕಾಡಿಗೆ ಹಚ್ಚಬಹುದಾ? ಗೆಳೆಯರು ಆಡಿಕೊಳ್ಳುತ್ತಾರೆ.
— ಸಂಡೂರು

ಉತ್ತರ: ಧಾರಾಳವಾಗಿ ಹಚ್ಚು. ಬಯಲಾಟದ ಭೀಮ, ದುರ್ಯೋಧನರು ಕಾಡಿಗೆ ಇಲ್ಲದೆ ರಂಗಕ್ಕೆ ಬಂದದ್ದನ್ನು ನಾನು ನೋಡಿಲ್ಲ. ಗಾಥ್ ಮಕ್ಕಳು ಮೆಚ್ಚುವ ಇಂಗ್ಲೆಂಡಿನ ದ ಕ್ಯೂರ್ ತಂಡದ ಹಾಡುಗಾರ ರಾಬರ್ಟ್ ಸ್ಮಿತ್ ಕಣ್ಣಿಗೆ ಕಪ್ಪು, ತುಟಿಗೆ ಕೆಂಪು ಹಚ್ಚಿಕೊಂಡೇ ಇಷ್ಟು ವರ್ಷ ಹಾಡಿದ್ದಾರೆ.

ಪ್ರಶ್ನೆ: ಮಗ ಪಿಯುಸಿ ಮೊದಲ ವರ್ಷ. ಕರಿ ಬಟ್ಟೆ ಹಾಕತೊಡಗಿದ ಮೇಲೆ ಮಾತು ಕಡಿಮೆಯಾಗಿದೆ. ಊಟ ಸೇರುವುದಿಲ್ಲ, ರಾತ್ರಿಯಿಡೀ ಎಚ್ಚರ ಇರುತ್ತಾನೆ. ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಬಟ್ಟೆಯನ್ನೆಲ್ಲ ಸುಟ್ಟುಹಾಕಲಾ?
— ಒಬ್ಬ ತಂದೆ, ಕೊಪ್ಪಳ

ಉತ್ತರ: ಬಟ್ಟೆ ಮುಟ್ಟಬೇಡಿ. ಹುಡುಗನ ಹತ್ತಿರ ಹೋಗಿ.

2015ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂದಿತ್ತು. 15ನೇ ವಯಸ್ಸಿಗೆ ತಾವು ಗಾಥ್ ಅಂತ ಗಟ್ಟಿಯಾಗಿ ಹೇಳಿಕೊಂಡ ಮಕ್ಕಳಲ್ಲಿ 18ರ ಹೊತ್ತಿಗೆ ಖಿನ್ನತೆ ಸುಮಾರು ಮೂರು ಪಟ್ಟು ಜಾಸ್ತಿ ಕಂಡಿತ್ತು. ತಮಗೆ ತಾವೇ ಗಾಯ ಮಾಡಿಕೊಳ್ಳುವುದೂ ಜಾಸ್ತಿ ಇತ್ತು. ಗಾಥ್ ಆದದ್ದರಿಂದಲೇ ಹೀಗಾಯಿತು ಅಂತ ಹೇಳಲು ಬರುವುದಿಲ್ಲ ಅಂತ ಆ ಸಂಶೋಧಕರೇ ಬರೆದಿದ್ದಾರೆ. ಮೊದಲೇ ನೊಂದ ಮಕ್ಕಳು, ಒಂಟಿಯಾದ ಮಕ್ಕಳು ತಮ್ಮಂಥವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿರಬಹುದು. ನೀವು ಅಂಗಿ ಸುಟ್ಟರೆ ಅವನಿಗೆ ಸಿಕ್ಕಿರುವ ಆ ಒಂದು ಆಸರೆಯೂ ಹೋಗುತ್ತದೆ.

ನೀವು ಬರೆದದ್ದರಲ್ಲಿ ನನ್ನನ್ನು ಹೆದರಿಸಿದ್ದು ಊಟ, ನಿದ್ದೆ, ಉದ್ದ ತೋಳು. ಬೈಯದೆ, ಬೇರೆ ಯಾರೂ ಇಲ್ಲದಾಗ, 'ನಿನಗೆ ನೀನೇ ನೋವು ಮಾಡಿಕೊಳ್ತಿದ್ದೀಯಾ? ಸಾಯಬೇಕು ಅನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರನ್ನು ಈ ವಾರವೇ ಕಾಣಿರಿ. ಸಾಯುವ ಮಾತು ಅವನ ಬಾಯಲ್ಲಿ ಬಂದರೆ ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ, ಅವನನ್ನು ಒಬ್ಬನೇ ಬಿಡಬೇಡಿ. ಹೋಗುವಾಗ ಅವನಿಗೆ ಇಷ್ಟವಾದ ಕರಿ ಅಂಗಿಯನ್ನೇ ತೊಡಲಿ. ಆಮೇಲೆ ನನಗೆ ಮತ್ತೆ ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಅಣ್ಣನ ಮದುವೆಗೆ ಕರಿ ಸೀರೆ ಉಡಬೇಕು ಅಂತ ಆಸೆ. ಮನೆಯಲ್ಲಿ ಯುದ್ಧ ನಡೆದಿದೆ.
— ಕುಷ್ಟಗಿ

ಉತ್ತರ: ಅಕ್ಕಿಕಾಳಿನ ಹೊತ್ತಿಗೆ ಅಜ್ಜಿಯ ಮನಸ್ಸು ಉಳಿಸು. ಕಡುಗೆಂಪು ದಡಿಯ ಗಾಢ ಹಸಿರು ಇಳಕಲ್ ಉಡು, ಕೈಗೆ ನಿನ್ನ ಬೆಳ್ಳಿ ಉಂಗುರಗಳೆಲ್ಲ ಇರಲಿ, ಕಣ್ಣಿಗೆ ಕಾಡಿಗೆ ದಟ್ಟವಾಗಿರಲಿ. ಸಂಜೆ ರಿಸೆಪ್ಷನ್ನಿಗೆ ಕರಿ ಸೀರೆಯೇ ಆಗಲಿ. ಅದಕ್ಕೆ ಈಗಲೇ ಅಣ್ಣನನ್ನು ನಿನ್ನ ಕಡೆ ಮಾಡಿಕೋ. ಮದುಮಗನ ಮಾತನ್ನು ಆ ಒಂದು ವಾರ ಮನೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ.