ಹರ್ನಿಯಾ ಆಪರೇಷನ್ ಆಗಿ 5 ತಿಂಗಳಾಯಿತು, ಸ್ಕ್ಯಾನ್ ನಾರ್ಮಲ್, ಆದರೂ ನೋವಿದೆ. ಇದು ನನ್ನ ಭ್ರಮೆಯಾ?

ಖಂಡಿತ ಭ್ರಮೆ ಅಲ್ಲ. ನನಗೂ ಹೀಗೇ ಆಗಿತ್ತು. ತೊಡೆಸಂದಿಯ ಹರ್ನಿಯಾಕ್ಕೆ ಮೆಶ್ (ಒಳಗೆ ಆಸರೆಗೆ ಇಡುವ ಬಲೆ) ಹಾಕಿದ್ದರು. ಗಾಯ ಚೆನ್ನಾಗಿ ಮಾಗಿತ್ತು. ಆದರೆ ಚಡ್ಡಿಯ ಎಲಾಸ್ಟಿಕ್ ತಾಗಿದರೆ ಸಾಕು, ಖಾರದ ಪುಡಿ ಸವರಿದ ಹಾಗೆ ಉರಿ. ಮನೆಯಲ್ಲಿ ಪಂಚೆಯಲ್ಲೇ ಇರುತ್ತಿದ್ದೆ, ಅದನ್ನೂ ಹೊಕ್ಕಳ ಮೇಲೆ ಕಟ್ಟಿಕೊಂಡು. "ಹೊಲಿಗೆ ಒಣಗಿದೆಯಲ್ಲ, ಇನ್ನೇನು?" ಅಂತ ಎಲ್ಲರೂ ಕೇಳುವವರೇ.

ಆಪರೇಷನ್ ಆದ ಮೇಲೆ 3 ತಿಂಗಳು ದಾಟಿಯೂ ಉಳಿಯುವ ನೋವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬೇರೆಯಾಗಿ ಸೇರಿಸಿದೆ. ತೊಡೆಸಂದಿಯಲ್ಲಿ ಸಣ್ಣ ಸಣ್ಣ ನರಗಳು ಹಾದು ಹೋಗುತ್ತವೆ. ಕುಯ್ಯುವಾಗ ಅವಕ್ಕೆ ಪೆಟ್ಟಾಗಬಹುದು, ಹೊಲಿಗೆಗೋ ಮೆಶ್ಶಿಗೋ ಸಿಕ್ಕಿಕೊಳ್ಳಬಹುದು. ಚರ್ಮ ಕೂಡಿಕೊಂಡರೂ ನರದ ಕಿರಿಕಿರಿ ನಿಲ್ಲದೇ ಇರಬಹುದು. ಸ್ಕ್ಯಾನ್‌ನಲ್ಲಿ ಅದು ಕಾಣಬೇಕು ಅಂತೇನಿಲ್ಲ.

ನನಗೆ ದಾರಿ ಸಿಕ್ಕಿದ್ದು ಪೇನ್ ಕ್ಲಿನಿಕ್‌ನಲ್ಲಿ, ಅಂದರೆ ನೋವಿಗೆಂದೇ ಇರುವ ವಿಭಾಗದಲ್ಲಿ. ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಅನಸ್ತೇಶಿಯಾ ಡಾಕ್ಟರುಗಳೇ ಇದನ್ನು ನೋಡುತ್ತಾರೆ. ಅವರು ಹತ್ತಿಯಿಂದ ಮೆಲ್ಲಗೆ ಸವರುತ್ತಾ, ಎಲ್ಲಿ ಉರಿ, ಎಲ್ಲಿ ಜೋಮು ಅಂತ ಕೇಳಿ ಪೆನ್ನಿನಿಂದ ಗೆರೆ ಎಳೆದರು. ನೋಡಿದರೆ ಹೊಟ್ಟೆಯ ಕೆಳಗೆ ಒಂದು ನಕ್ಷೆ! ಆಮೇಲೆ ಆ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೇ ಉರಿ ಇಳಿಯಿತು. ಉರಿಯ ಮೂಲ ಆ ನರವೇ ಅಂತ ಗೊತ್ತಾಯಿತು.

ಮಾಮೂಲಿ ನೋವಿನ ಮಾತ್ರೆ ನರದ ನೋವಿಗೆ ಅಷ್ಟಾಗಿ ಹಿಡಿಯುವುದಿಲ್ಲ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿಗೂ ಒಳ್ಳೆಯದಲ್ಲ. ನನಗೆ ರಾತ್ರಿ ಗ್ಯಾಬಪೆಂಟಿನ್ ಅನ್ನೋ ನರದ ನೋವಿನ ಔಷಧ ಕೊಟ್ಟರು. ಮೊದಲ ವಾರ ತೂಕಡಿಕೆಯೋ ತೂಕಡಿಕೆ. ಇದನ್ನು ನೀವಾಗಿಯೇ ತಗೊಳ್ಳಬೇಡಿ, ತಗೊಳ್ಳುತ್ತಿದ್ದರೆ ಏಕಾಏಕಿ ನಿಲ್ಲಿಸಲೂಬೇಡಿ.

ಇನ್ನೊಂದು ನನ್ನದೇ ತಪ್ಪು. ನೋವು ಕಡಿಮೆ ಇದ್ದ ದಿನ ಹುರುಪಿನಿಂದ ಅಟ್ಟ ಕ್ಲೀನ್ ಮಾಡಿ, ಆಮೇಲೆ ಮೂರು ದಿನ ಮಲಗುತ್ತಿದ್ದೆ. ಫಿಸಿಯೋಥೆರಪಿಯವರು ಬೈದು, ಗಡಿಯಾರ ನೋಡಿಕೊಂಡು ನಡೆಯಲು ಹೇಳಿದರು. ನೋವಿರಲಿ ಬಿಡಲಿ, ದಿನಕ್ಕೆ 10 ನಿಮಿಷ. ಹಾಯಾಗಿದೆ ಅಂತ ಹನ್ನೊಂದನೇ ನಿಮಿಷ ನಡೆಯುವ ಹಾಗಿಲ್ಲ! ವಾರಕ್ಕಿಷ್ಟು ಅಂತ ಆಮೇಲೆ ಏರಿಸಿದೆವು.

ಪೂರ್ತಿ ಹೋಗಿದೆಯಾ ಅಂದರೆ, ಇಲ್ಲ. ಬಸ್ಸಲ್ಲಿ ತುಂಬಾ ಹೊತ್ತು ಕೂತರೆ ಈಗಲೂ ಚುರುಗುಡುತ್ತದೆ. ಆದರೆ ಪ್ಯಾಂಟಿಗೆ ಬೆಲ್ಟ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ.

ಅಂದಹಾಗೆ, ಆ ಜಾಗದಲ್ಲಿ ಮತ್ತೆ ಗಂಟು ಕಂಡರೆ, ಜ್ವರ, ಕೀವು ಅಥವಾ ವಾಂತಿ ಇದ್ದರೆ ಪೇನ್ ಕ್ಲಿನಿಕ್‌ಗೆ ಅಂತ ಕಾಯಬೇಡಿ. ಅವತ್ತೇ ಸರ್ಜನ್ ಹತ್ತಿರ ತೋರಿಸಿ.