ಮೇಜಿನ ಮೇಲಿನ ಚರ್ಮಕ್ಕೆ ಯಾವ ಅಂಟು?

ಪ್ರಶ್ನೆ: ವಕೀಲರಾಗಿದ್ದ ನಮ್ಮ ತಾತನವರ ಬೀಟೆ ಮರದ ಬರೆಯುವ ಮೇಜಿನ ಮೇಲೆ ಕೂರಿಸಿದ್ದ ಚರ್ಮ ಹರಿದುಹೋಗಿದೆ. ಹೊಸ ಚರ್ಮವನ್ನು ತಂದಿದ್ದೇನೆ. ಚಪ್ಪಲಿಗೆ ಹಚ್ಚುವ ಹಳದಿ ಅಂಟೇ ಸರಿ ಎಂದು ಬಡಗಿಯವರು ಹೇಳುತ್ತಾರೆ. ಅಂಗಡಿಯವರು ಬಿಳಿ ಫೆವಿಕಾಲ್ ಕೊಟ್ಟಿದ್ದಾರೆ. ಯಾವುದನ್ನು ಬಳಸಬೇಕು?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಎರಡೂ ಹಿಡಿಯುತ್ತವೆ, ಆದರೆ ನಿಮ್ಮ ಮೇಜಿಗೆ ನಾನು ಎರಡನ್ನೂ ಬಿಟ್ಟು ಮೈದಾ ಅಂಟನ್ನೇ ಆರಿಸುತ್ತೇನೆ. ಹಳದಿ ಅಂಟನ್ನು ಮರಕ್ಕೂ ಚರ್ಮಕ್ಕೂ ಹಚ್ಚಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಜೋಡಿಸಬೇಕು. ಜೋಡಿಸಿದ ಕ್ಷಣವೇ ಅದು ಕಚ್ಚಿಕೊಳ್ಳುವುದರಿಂದ, ಅಷ್ಟಗಲದ ಚರ್ಮ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಓರೆಯಾದರೂ ಎದುರು ಮೂಲೆಯಲ್ಲಿ ಸುಕ್ಕು ಬೀಳುತ್ತದೆ, ಮತ್ತೆ ಸರಿಸುವಂತಿಲ್ಲ. ಕುರ್ಚಿಯ ಅಂಚಿಗೋ ಪೆಟ್ಟಿಗೆಯ ಬಾಗಿದ ಮೈಗೋ ಆದರೆ ಬಡಗಿಯವರ ಮಾತೇ ಸರಿ, ಏಕೆಂದರೆ ಅಲ್ಲಿ ಚರ್ಮವನ್ನು ಎಳೆದು ಹಿಡಿದೊಡನೆ ಅದು ನಿಲ್ಲಬೇಕು. ಆಗಲೂ ಕಿಟಕಿಗಳನ್ನು ತೆರೆದಿಡಿ, ಹತ್ತಿರದಲ್ಲಿ ದೇವರ ದೀಪವೂ ಉರಿಯಕೂಡದು. ಆ ಅಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ.

ಮೈದಾ ಅಂಟು ನಿಧಾನವಾಗಿ ಆರುವುದರಿಂದ ಚರ್ಮವನ್ನು ಅಂಗೈಯಿಂದ ಸರಿಸಿ ಕೂರಿಸಲು ಸಾಕಷ್ಟು ಸಮಯ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದೊಮ್ಮೆ ನಿಮ್ಮ ಮೊಮ್ಮಕ್ಕಳು ಈ ಚರ್ಮವನ್ನು ಬದಲಿಸಬೇಕಾದಾಗ ಒದ್ದೆ ಬಟ್ಟೆ ಹಾಸಿ ನೆನೆಸಿದರೆ ಅದು ಬಿಟ್ಟುಕೊಡುತ್ತದೆ. ಹಳದಿ ಅಂಟಾದರೆ ಕೆರೆದು ಕೆರೆದು ಮರವೇ ಗಾಯವಾಗುತ್ತದೆ. ಒಂದು ಪಾಲು ಮೈದಾವನ್ನು ನಾಲ್ಕೈದು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಬಿಡದೆ ಕದಡುತ್ತ ಗಂಜಿಯಂತೆ ಹೊಳಪು ಬರುವವರೆಗೆ ಕಾಯಿಸಿ ಆರಿಸಿಕೊಳ್ಳಿ. ಪುಸ್ತಕ ಕಟ್ಟುವವರು ಹುಳು ಬರದಿರಲೆಂದು ಚಿಟಿಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಸೇರಿಸುವುದಾದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ತಂಗಡಿ ತೊಗಟೆಯಂಥವುಗಳಿಂದ ಹದ ಮಾಡಿದ ಚರ್ಮವಾಗಿದ್ದರೆ ಒದ್ದೆಯಿರುವಾಗ ಕಬ್ಬಿಣ ಸೋಕಿಸಬೇಡಿ, ಸುಲಭವಾಗಿ ಹೋಗದ ಕಪ್ಪು ಕಲೆ ಮೂಡುತ್ತದೆ.

ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ, ಹಳೆಯ ಅಂಟನ್ನು ತೆಗೆದ ಮೇಲೆ ಚರ್ಮ ಕೂರುವ ತಗ್ಗನ್ನು ಮರಳುಕಾಗದದಿಂದ ಉಜ್ಜಿ ಸ್ಪಿರಿಟ್‌ನಲ್ಲಿ ಒರೆಸಿ. ಸುತ್ತಲಿನ ಅಂಚಿಗೆ ಹಳೆಯ ಅರಗಿನ ಪಾಲಿಶ್ ಇದ್ದರೆ ಸ್ಪಿರಿಟ್ ಅದನ್ನು ಕರಗಿಸಿಬಿಡುತ್ತದೆ. ಒಂದು ಹನಿಯೂ ಅತ್ತ ಹರಿಯದಿರಲಿ. ಅಂಟನ್ನು ಮರಕ್ಕೆ ಮಾತ್ರ ತೆಳ್ಳಗೆ ಬಳಿದು, ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿದ ಚರ್ಮವನ್ನು ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಿ. ಒದ್ದೆಯಾದ ಚರ್ಮ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆಯಾದ್ದರಿಂದ ಎಳೆದು ಕೂರಿಸಬೇಡಿ. ಅದು ನೆಲೆಗೊಂಡ ಮೇಲೆ ಹರಿತವಾದ ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿ. ಆಷಾಢದ ಸೋನೆಯಲ್ಲಿ ಈ ಕೆಲಸಕ್ಕೆ ಕೈಹಾಕದಿದ್ದರೆ ಒಳ್ಳೆಯದು. ಫೆವಿಕಾಲನ್ನೇ ಬಳಸುವ ಮನಸ್ಸಿದ್ದರೂ ಕ್ರಮ ಇದೇ, ಆದರೆ ಬಳಿಯುವುದು ಇನ್ನೂ ತೆಳ್ಳಗಿರಲಿ. ದಪ್ಪವಾದರೆ ತೆಳು ಚರ್ಮದ ಮೇಲೆ ಅದರ ಗೀರುಗಳು ಎದ್ದು ಕಾಣುತ್ತವೆ.

ಪ್ರಶ್ನೆ: ಮರದ ಪೆಟ್ಟಿಗೆಗೆ ಅಂಟಿಸಿದ ರೆಕ್ಸಿನ್ ಬಿಳಿ ಅಂಟಿಗೆ ನಿಲ್ಲುವುದಿಲ್ಲ. ಏಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ರೆಕ್ಸಿನ್‌ನ ಹಿಂಬದಿಯನ್ನು ನೋಡಿ. ಬಟ್ಟೆಯಿದ್ದರೆ ಬಿಳಿ ಅಂಟು ಅದರೊಳಕ್ಕೆ ಇಳಿದು ಹಿಡಿಯುತ್ತದೆ. ಬರಿಯ ಪ್ಲಾಸ್ಟಿಕ್ ಇದ್ದರೆ ಅಂಟಿಗೆ ಇಳಿಯಲು ಜಾಗವೇ ಇಲ್ಲ, ಒಣಗಿದ ಮೇಲೆ ಪೊರೆಯಂತೆ ಏಳುತ್ತದೆ. ಆಗ ಪಿವಿಸಿಗೆಂದೇ ತಯಾರಾದ ಅಂಟನ್ನು ಕೇಳಿ ತನ್ನಿ. ಚಪ್ಪಲಿಯ ಸಾಮಾನ್ಯ ಅಂಟು ಮೊದಲು ಹಿಡಿದಂತೆ ಕಂಡರೂ, ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಕೆಲವು ತಿಂಗಳಲ್ಲಿ ಹೊರಬಂದು ಅದನ್ನು ಮೆತ್ತಗಾಗಿಸುತ್ತದೆ.